ಕರೆಂಟಿಲ್ಲದ ಹೊತ್ತಲ್ಲಿ ಅದುರಿದ ಗೋಡೆ

ಓದುವ ಎಲ್ಲರಿಗೂ ನಮಸ್ಕಾರ. ಮಕ್ಕಳು ದೊಡ್ಡವರಾದ ಮೇಲೆ ಹತ್ತನೇ ತರಗತಿ ಪಾಸು ಮಾಡಿದವನು ನಾನು. ಫೋನಿನಲ್ಲಿ ಒಂದೇ ಬೆರಳಿಂದ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ನೇಯ್ಗೆಯ ಮನೆ. ಮುಂದಿನ ಹಾಲಿನಲ್ಲಿ ಕರೆಂಟ್ ಮಗ್ಗಗಳು, ಗೋಡೆಯಾಚೆ ಮಲಗುವ ಕೋಣೆ. ಬೀದಿ ತುಂಬ ಮಗ್ಗಗಳೇ ಆದ್ದರಿಂದ ನೆಲ ಅದುರುವುದು ನಮಗೆ ಲೆಕ್ಕಕ್ಕೇ ಇಲ್ಲ. ಸ್ಟ್ಯಾಂಡಿನಲ್ಲಿ ಲೋಟಗಳು ಗಲಗಲ ಅಂದರೆ ಕರೆಂಟ್ ಇದೆ ಎಂದು ಅರ್ಥ, ಅಷ್ಟೇ.

ಅವತ್ತು ಬೆಳಿಗ್ಗೆ ಕರೆಂಟ್ ಹೋಗಿತ್ತು. ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದೆ. ಒಳಗೆ ಲೋಟಗಳು ಗಲಗಲ ಅಂದವು.

"ಲೇ, ಮಗ್ಗ ಯಾಕೆ ಹಾಕ್ದೆ? ಕಡಿದಿರೋ ಎಳೆ ಇನ್ನೂ ಕಟ್ಟಿಲ್ಲ!" ಎಂದು ಕೂಗಿದೆ.

"ಕರೆಂಟೇ ಬಂದಿಲ್ಲ ಕಣ್ರೀ, ಕಾಲಲ್ಲಿ ತುಳಿದು ಹಾಕ್ಲಾ?" ಎಂದಳು ಹೆಂಡತಿ ಅಡುಗೆಮನೆಯಿಂದ.

ಅಷ್ಟರಲ್ಲಿ ಸದ್ದು ನಿಂತಿತು. ಬೀದಿಗೆ ಬಂದರೆ ಪಕ್ಕದ ಮನೆಯವನು, "ಯಾವನೋ ಅದು ಜನರೇಟರ್ ತಂದಿರೋನು? ನಮಗೂ ಒಂದ್ ವೈರ್ ಎಳಿ ಗುರು!" ಎಂದು ನಗುತ್ತಿದ್ದ. ಭೂಮಿ ಲಘುವಾಗಿ ನಡುಗಿತೆಂದು ಆಮೇಲೆ ಫೋನಿನಲ್ಲಿ ಸುದ್ದಿ ಬಂತು. ಅವನ ನಗು ನಿಂತಿತು.

ಒಳಗೆ ಬಂದು ಮಗ್ಗದ ಹಾಲಿಗೂ ಮಲಗುವ ಕೋಣೆಗೂ ನಡುವಿನ ಗೋಡೆ ನೋಡಿದೆ. ಬಾಣಂತನಕ್ಕೆ ಬಂದಿದ್ದ ಮಗಳು ಕೂಸಿನೊಂದಿಗೆ ಮಲಗುವ ಮಂಚದ ಮೇಲ್ಗಡೆ, ಮೂಲೆಯಿಂದ ಓರೆಯಾಗಿ ಒಂದು ಬಿರುಕು.

"ಮೊದ್ಲಿಂದ್ಲೂ ಇತ್ತು ಬಿಡಿ" ಎಂದಳು ಹೆಂಡತಿ. "ಇರ್ಲಿಲ್ಲಮ್ಮ" ಎಂದಳು ಮಗಳು. ಯಾರೂ ಯಾವತ್ತೂ ಸರಿಯಾಗಿ ನೋಡಿರಲಿಲ್ಲ.

ಪರೀಕ್ಷೆಗೆ ಕೂತಾಗಿನ ಓದುವ ಹುಚ್ಚು ಇನ್ನೂ ಬಿಟ್ಟಿಲ್ಲ. ಲೈಬ್ರರಿಗೆ ಹೋಗಿ ಓದಿದೆ. ನೆಲದೊಳಗೆ ಬಂಡೆಗಳು ಒಂದನ್ನೊಂದು ಒತ್ತಿಕೊಂಡು ಕಚ್ಚಿಕೊಂಡಿರುತ್ತವಂತೆ. ಒತ್ತಡ ಹೆಚ್ಚುತ್ತಾ ಹೋಗಿ ಹಿಡಿತ ತಪ್ಪಿದಾಗ ತಟ್ಟನೆ ಜಾರುತ್ತವೆ, ಅದೇ ನಡುಕ. ಬಿರುಕಿನ ಸಂಗತಿಯನ್ನು ಮಾತ್ರ ಎರಡೆರಡು ಸಲ ಓದಿದೆ. ಎಳೆಯುವ ಬಲವೆಲ್ಲ ಬಿರುಕಿನ ತುದಿಯಲ್ಲೇ ಸೇರುತ್ತದಂತೆ. ನೇಯುವವನಿಗೆ ಇದು ಗೊತ್ತಿಲ್ಲದ್ದಲ್ಲ. ಗಟ್ಟಿ ಬಟ್ಟೆಯನ್ನು ಬರಿಗೈಯಲ್ಲಿ ಹರಿಯಲಾಗದು. ಅಂಚಿಗೆ ಕತ್ತರಿಯಿಂದ ಸಣ್ಣ ಕಚ್ಚು ಹಾಕಿದರೆ ಸರ್ರನೆ ಸೀಳುತ್ತದೆ.

ಮಗ್ಗ ನಿಲ್ಲಿಸಲೇ? ಯಾರದೋ ಮದುವೆ ಸೀರೆಗಳು ಅರ್ಧದಲ್ಲಿದ್ದವು. ಗಾರೆಯವನನ್ನು ಕರೆಸಿದೆ. ಅವನು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿದ. "ಬಿರುಕು ಬೆಳೀತಿದ್ರೆ ಗಾಜು ಒಡೀತದೆ ಅಣ್ಣ, ಸುಮ್ನೆ ನೋಡ್ತಾ ಇರಿ" ಎಂದ. ಮಂಚವನ್ನು ಎದುರು ಗೋಡೆಗೆ ಸರಿಸಿ ಮಗ್ಗ ಹಾಕಿದೆ.

ಸುಮ್ಮನಿರಲು ಆಗಲಿಲ್ಲ. ಲಾಳಿಗೆ ನೂಲು ಹಾಕುವಾಗ ಬಿಟ್ಟು ಹೋಗುತ್ತಿದ್ದೆ, ಊಟದ ನಡುವೆ ಎದ್ದು ಹೋಗಿ ಗಾಜು ನೋಡುತ್ತಿದ್ದೆ.

"ಗೋಡೆಗೆ ಜ್ವರ ಬಂದಿದೆಯೇನ್ರೀ, ಹಂಗೆ ಮುಟ್ಟಿ ಮುಟ್ಟಿ ನೋಡ್ತೀರಲ್ಲ?" ಎಂದು ಹೆಂಡತಿ ಛೇಡಿಸುವಳು.

ಒಂದು ಮಧ್ಯಾಹ್ನ ನೋಡಿದರೆ ಗಾಜು ನಡುವೆ ಸೀಳಿತ್ತು. ಭೂಮಿ ನಡುಗಿದ ಸುದ್ದಿ ಎಲ್ಲೂ ಇರಲಿಲ್ಲ. ನಡುಗುತ್ತಿದ್ದದ್ದು ನಮ್ಮ ಮಗ್ಗಗಳೇ. ಓಡಿಹೋಗಿ ಎಲ್ಲವನ್ನೂ ಆಫ್ ಮಾಡಿದೆ. ಹೆಂಡತಿ ಕೂಸನ್ನು ಎತ್ತಿಕೊಂಡಳು. ಸಂಜೆಯೊಳಗೆ ಮಗಳನ್ನೂ ಕೂಸನ್ನೂ ಸೂಲಿಬೆಲೆಯ ನಾದಿನಿ ಮನೆಗೆ ಬಿಟ್ಟು ಬಂದೆ.

ಈಗ ಗೋಡೆಗೆ ಮರದ ಆಸರೆ ಕೊಟ್ಟಿದ್ದೇವೆ. ಕೆಡವಿ ಕಟ್ಟುವವರೆಗೂ ನಾನು ಮಗ್ಗ ಹಾಕುವುದಿಲ್ಲ. ಆದರೆ ಪಕ್ಕದ ಮನೆಯ ಮಗ್ಗ ನಮ್ಮ ನೆಲವನ್ನೂ ಅಲುಗಿಸುತ್ತದೆ. ನಿಲ್ಲಿಸಪ್ಪಾ ಎಂದು ಅವನಿಗೆ ಯಾವ ಬಾಯಲ್ಲಿ ಹೇಳಲಿ? ಮಗ್ಗಕ್ಕೂ ಮಲಗುವ ಕೋಣೆಗೂ ಒಂದೇ ಗೋಡೆ ಇರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ನೀವು ಏನು ಮಾಡಿದಿರಿ, ದಯವಿಟ್ಟು ಬರೆದು ತಿಳಿಸಿ.