ಸರ್ಕಾರದ ಕೋಣೆ

ಉಗ್ರಪ್ಪನ ಮನೆಯಲ್ಲಿ ಕೋಣೆಗಳು ಮೂರು. ಒಂದರಲ್ಲಿ ಅಡುಗೆ, ಇನ್ನೊಂದರಲ್ಲಿ ಸಂಸಾರವೆಲ್ಲ, ಮೂರನೆಯದರಲ್ಲಿ ಸರ್ಕಾರ. ಹಾಗೆಂದು ಬಂದವರಿಗೆಲ್ಲ ಹೇಳುತ್ತಿದ್ದವನು ಉಗ್ರಪ್ಪನೇ. ಅವನ ಹೆಂಡತಿ ಭಾಗಮ್ಮ ಚೌಳಹಿರಿಯೂರು ಹೋಬಳಿಯ ಆ ಹಳ್ಳಿಯಲ್ಲಿ ಮೂವತ್ತನಾಲ್ಕು ವರ್ಷ ಅಂಗನವಾಡಿ ನಡೆಸಿ ಎರಡು ವರ್ಷದ ಹಿಂದೆ ನಿವೃತ್ತಳಾಗಿದ್ದಳು. ಮೊದಮೊದಲು ಅಂಗನವಾಡಿಗೆ ಕಟ್ಟಡವಿರಲಿಲ್ಲ, ಸಾಮಾನೆಲ್ಲ ಅವಳ ಮನೆಯ ಹಿಂದಿನ ಕೋಣೆ ಸೇರಿತು. ಕಟ್ಟಡ ಬಂದಾಗ ಅದರಲ್ಲಿ ಉಗ್ರಾಣವಿರಲಿಲ್ಲ, ಹಾಗಾಗಿ ಇನ್ನಷ್ಟು ಸೇರಿತು. ರೇಷನ್ ಬಂದ ನಾನೂರಕ್ಕೂ ಹೆಚ್ಚು ಖಾಲಿ ಚೀಲ, ಮಕ್ಕಳನ್ನು ತೂಗುವ ಎರಡು ಕೆಟ್ಟ ತಕ್ಕಡಿ, ತಳ ಹೋದ ಪಾತ್ರೆಗಳು, ಸೀಮೆಎಣ್ಣೆ ಸ್ಟೌ, ಕಾಲು ಮುರಿದ ಪ್ಲಾಸ್ಟಿಕ್ ಕುದುರೆ, ರಿಜಿಸ್ಟರು ತುಂಬಿದ ತಗಡಿನ ಟ್ರಂಕು. ಬಾಗಿಲಿಗೆ ಬೀಗ. ಆ ಮನೆಯಲ್ಲಿ ಬೀಗವಿದ್ದದ್ದು ಅದೊಂದಕ್ಕೆ.

ಇದ್ದ ಒಂದು ಕೋಣೆಯಲ್ಲಿ ಆರು ಜನ. ಉಗ್ರಪ್ಪ, ಭಾಗಮ್ಮ, ಗೂಡ್ಸ್ ಆಟೋ ಓಡಿಸುವ ಮಗ ಹೊನ್ನೇಶ್, ಅವನ ಹೆಂಡತಿ ಮಾಲಿನಿ, ಇಬ್ಬರು ಮಕ್ಕಳು. ಮಾಲಿನಿ ಕಡೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸು. ಒಂದು ವರ್ಷದಿಂದ ಅವಳಿಗೆ ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತೂವರೆಗೆ ಬಸ್ಸಿಳಿದು ಬಂದು, ಗೋಡೆಗೆ ಮುಖ ಮಾಡಿ, ಕಣ್ಣಿನ ಮೇಲೆ ವೇಲು ಹಾಕಿಕೊಂಡು ಮಲಗುತ್ತಿದ್ದಳು. ಮಲಗುತ್ತಿದ್ದಳು ಎನ್ನುವುದು ಮನೆಯವರ ಮಾತು. ಉಗ್ರಪ್ಪ ಹಿಂದೆ ಪಂಚಾಯ್ತಿಯ ನೀರುಗಂಟಿಯಾಗಿದ್ದವನು. ಕೆಲಸ ಬಿಟ್ಟಮೇಲೂ ನಲ್ಲಿಯಲ್ಲಿ ನೀರು ಬರದವರೆಲ್ಲ ಅವನ ಬಾಗಿಲಿಗೇ ಬಂದು ಕೂಗುತ್ತಿದ್ದರು. ಬಿ.ಪಿ. ನೋಡಿಸಿಕೊಳ್ಳುವವರು ಮಾಲಿನಿಯನ್ನೇ ಕೂಗುತ್ತಿದ್ದರು. ಭಾಗಮ್ಮ ಉಪ್ಪಿನ ಡಬ್ಬಿಗೂ ಅವಳನ್ನೇ ಕೂಗುತ್ತಿದ್ದಳು.

ಆ ಸೋಮವಾರ ಹನ್ನೊಂದು ಗಂಟೆಗೆ ಮಾಲಿನಿ ಎದ್ದು ಕೂತಳು. ಧ್ವನಿ ಏರಿಸಲಿಲ್ಲ.

"ಅತ್ತೆ, ಕಡೂರಲ್ಲಿ ಒಂದು ಬಾಡಿಗೆ ಮನೆ ನೋಡಿದೀವಿ. ಭಾನುವಾರ ಹನ್ನೆರಡು ಗಂಟೆ ಒಳಗೆ ಹೋಗಿ ಕೀ ಇಸ್ಕೋಬೇಕು. ತಪ್ಪಿದ್ರೆ ಬೇರೆಯವ್ರಿಗೆ ಕೊಟ್ಬಿಡ್ತಾರಂತೆ."

"ಯಾಕೆ? ಇಲ್ಲಿ ನಿಂಗೆ ಏನು ಕಮ್ಮಿ ಆಗೈತೆ?"

"ನಿದ್ದೆ."

ಭಾಗಮ್ಮ ಬೀಗ ಹಾಕಿದ ಬಾಗಿಲ ಕಡೆ ನೋಡಿದಳು.

"ಆ ಕೋಣೆ ಖಾಲಿ ಮಾಡ್ಕೊಡಿ ಅಂತ ಎಷ್ಟು ಸಲ ಕೇಳಿದೀನಿ" ಎಂದಳು ಮಾಲಿನಿ.

"ಅದು ನಮ್ದಲ್ಲ ಕಣಮ್ಮ. ಸರ್ಕಾರದ್ದು."

"ಹಂಗಾದ್ರೆ ಸರ್ಕಾರನೇ ಮಲಗ್ಲಿ ಬಿಡಿ. ನಾವು ಹೋಗ್ತೀವಿ."

ಅಂದಿನಿಂದ ಭಾಗಮ್ಮನಿಗೆ ಒಂದು ಕಡೆ ಕೂರಲಾಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಏನನ್ನಾದರೂ ಎಳೆಯಬೇಕು. ಮಂಗಳವಾರ ಅಟ್ಟ ಹತ್ತಿದಳು. ಪಾತ್ರೆಯಿಲ್ಲದ ಮುಚ್ಚಳಗಳನ್ನೂ ಮುಚ್ಚಳವಿಲ್ಲದ ಡಬ್ಬಿಗಳನ್ನೂ ಅಂಗಳಕ್ಕೆ ಎಸೆದಳು. ತೊಟ್ಟಿಲನ್ನು ಎದುರು ಮನೆಯ ಬಸುರಿಗೆ ಕೊಟ್ಟಳು. ತನ್ನ ಸೀರೆಗಳಲ್ಲಿ ಎಂಟನ್ನು ಇಟ್ಟುಕೊಂಡು ಉಳಿದದ್ದನ್ನು ಗಂಟು ಕಟ್ಟಿದಳು. ಹಳೆಯ ಲಗ್ನಪತ್ರಿಕೆಗಳ ಕಟ್ಟು ಒಲೆಗೆ ಹೋಯಿತು. ಬುಧವಾರ ಮಂಚದ ಕೆಳಗೆ ಕೈ ಹಾಕಿದಾಗ ಸಿಕ್ಕಿದ್ದು ಉಗ್ರಪ್ಪನ ಕಬ್ಬಿಣದ ಬುಟ್ಟಿ.

"ಲೇ, ಅದನ್ನ ಮುಟ್ಬ್ಯಾಡ! ಮುಕ್ಕಾಲಿಂಚಿನ ವಾಲ್ವು ಕಣೇ, ಈಗ ಎಲ್ಲೂ ಸಿಗಲ್ಲ."

"ಎಲ್ಲೂ ಸಿಗ್ದೇ ಇರೋ ವಾಲ್ವನ್ನ ಯಾವ ಪೈಪಿಗೆ ಹಾಕ್ತೀರಿ?"

"ಯಾವುದಕ್ಕೋ ಹಾಕ್ತೀನಿ. ನನ್ನ ವಾಲ್ವು ಎಸೀತೀಯ, ನಿನ್ನ ಹರಕು ಚೀಲ ಮಾತ್ರ ಬೀಗದೊಳಗೆ. ಇದ್ಯಾವ ನ್ಯಾಯ ಹೇಳು?"

ಅವಳು ಬುಟ್ಟಿಯನ್ನು ಮತ್ತೆ ಮಂಚದ ಕೆಳಗೆ ತಳ್ಳಿದಳು. ಎರಡು ದಿನದಲ್ಲಿ ಮನೆಯ ಅರ್ಧ ಸಾಮಾನು ಹೊರಗೆ ಹೋಗಿತ್ತು, ನಡೆದಾಡಲು ಜಾಗವಾಗಿತ್ತು. ಆದರೆ ಬಾಗಿಲು ಹಾಕಿಕೊಂಡು ಒಬ್ಬಳು ಮಲಗುವಂಥ ಜಾಗ ಎಲ್ಲಿಯೂ ಹುಟ್ಟಿರಲಿಲ್ಲ. ಅದು ಭಾಗಮ್ಮನಿಗೂ ಕಾಣುತ್ತಿತ್ತು. ಕಂಡದ್ದರಿಂದಲೇ ಇನ್ನೂ ಜೋರಾಗಿ ಗುಡಿಸಿದಳು.

ಚೀಲದ ವಿಚಾರವನ್ನು ಹೇಳಬೇಕು. ಭಾಗಮ್ಮ ಅಂಗನವಾಡಿಗೆ ಸೇರಿದಾಗ ಅವಳ ಕೇರಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹೆಂಗಸು ಅವಳೊಬ್ಬಳೇ. ಮೊದಲ ವರ್ಷ ಮೇಲಿನ ಬೀದಿಯ ತಾಯಂದಿರು ಮಕ್ಕಳನ್ನು ಅವಳ ಕೈಯಡುಗೆಗೆ ಕೂರಿಸಲಿಲ್ಲ. ಬಟ್ಟೆಚೀಲ ಹಿಡಿದು ಬಂದು ಬೇಯಿಸದ ರೇಷನ್ನನ್ನು ಮೆಟ್ಟಿಲ ಕೆಳಗೆ ನಿಂತು ಇಸಿದುಕೊಂಡು ಹೋಗುತ್ತಿದ್ದರು. ಆಮೇಲೆ ಅವರೂ ಕಳಿಸಿದರು, ಯಾಕೆಂದರೆ ಹೊಲಕ್ಕೆ ಹೋಗುವವರಿಗೆ ಮಕ್ಕಳನ್ನು ಬಿಡಲು ಬೇರೆ ಜಾಗವಿರಲಿಲ್ಲ. ಹತ್ತು ವರ್ಷ ಕಳೆದ ಮೇಲೆ ಒಂದು ಮಳೆಗಾಲದಲ್ಲಿ ಅವಳ ಮನೆಯ ಮಣ್ಣಿನ ಗೋಡೆ ಕುಸಿಯಿತು. ಹಾಸಿಗೆಯೆಲ್ಲ ಕೆಸರಾಯಿತು. ಹೊನ್ನೇಶನಿಗೆ ಆಗ ಏಳು ವರ್ಷ, ಈಗ ಗಂಡನ ಮನೆಯಲ್ಲಿರುವ ಮಗಳು ಹೇಮಶ್ರೀಗೆ ನಾಲ್ಕು. ಭಾಗಮ್ಮ ಅಂಗನವಾಡಿಯ ಹನ್ನೊಂದು ಗೋಣಿಚೀಲ ತಂದು ಒದ್ದೆ ನೆಲದ ಮೇಲೆ ಹಾಸಿ ಮಕ್ಕಳನ್ನು ಮಲಗಿಸಿದಳು. ಒಂದು ವಾರಕ್ಕೆಂದು ತಂದದ್ದು ಚಳಿಗಾಲ ಮುಗಿಯುವವರೆಗೂ ಅಲ್ಲೇ ಉಳಿದು ಕೊಳೆತುಹೋಯಿತು.

ತಪಾಸಣೆಗೆ ಬಂದ ಮೇಲ್ವಿಚಾರಕಿ ಖಾಲಿ ಚೀಲ ಎಣಿಸಿದಳು. ಹನ್ನೊಂದು ಕಡಿಮೆ. ತಾಯಂದಿರ ಸಭೆ ಸೇರಿತ್ತು. ಅವರೆಲ್ಲರ ಎದುರಿಗೆ, "ಏನ್ಮಾಡ್ದೆ ಭಾಗಮ್ಮ? ಹೊದ್ಕೊಂಡ್ಯಾ?" ಎಂದಳು. ತಾಯಂದಿರು ನಕ್ಕರು. ಇಲಿ ಕಡಿದವು ಮೇಡಂ ಎಂದಳು ಭಾಗಮ್ಮ. ಅಂದಿನಿಂದ ನಿವೃತ್ತಿಯವರೆಗೆ ಅವಳು ಒಂದು ಖಾಲಿ ಚೀಲವನ್ನೂ ಕೈಬಿಡಲಿಲ್ಲ. ನಿವೃತ್ತಳಾದಾಗ ಹೊಸದಾಗಿ ಬಂದ ತನುಜಾ ಎಂಬ ಹುಡುಗಿ ಕೇಂದ್ರದಲ್ಲಿ ಇದ್ದದ್ದನ್ನು ಮಾತ್ರ ವಹಿಸಿಕೊಂಡಳು. "ಟೀಚರ್, ನಿಮ್ಮನೇಲಿರೋದು ನಂಗೆ ಬ್ಯಾಡ. ನಾನೂ ನಮ್ಮನೇಲಿಟ್ಕೊಂಡು ಸಾಯ್ಲಾ?" ಎಂದಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಗುರುವಾರ ಭಾಗಮ್ಮ ಕೋಣೆಯ ಸಾಮಾನಿನ ಎರಡು ಹಾಳೆ ಪಟ್ಟಿ ಬರೆದುಕೊಂಡು ಕಡೂರಿನ ಬಸ್ಸು ಹತ್ತಿದಳು. ಸೀಟು ಸಿಕ್ಕಿದರೂ ಕೂರಲಿಲ್ಲ, ಬಾಗಿಲ ಬಳಿ ಕಂಬಿ ಹಿಡಿದು ನಿಂತೇ ಹೋದಳು. ಅಂಗನವಾಡಿ ಇಲಾಖೆಯ ಕಚೇರಿಯಲ್ಲಿದ್ದ ಗುಮಾಸ್ತೆ ಮಗಳ ವಯಸ್ಸಿನವಳು. ಮರ್ಯಾದೆಯಿಂದ ಕುರ್ಚಿ ಹಾಕಿದಳು, ಪಟ್ಟಿ ಓದಿದಳು, ಕಂಪ್ಯೂಟರಿನಲ್ಲಿ ಹುಡುಕಿದಳು.

"ಅಮ್ಮಾ, ಇವ್ಯಾವೂ ನಮ್ಮಲ್ಲಿ ಇಲ್ಲವೇ ಇಲ್ಲ. ಎಲ್ಲ ಹಳೇ ಕಾಲದ್ದು. ನೀವು ಏನಾದ್ರೂ ಮಾಡ್ಕೊಳ್ಳಿ."

"ಹಂಗಂತ ಒಂದು ಚೀಟಿ ಬರ್ಕೊಡಮ್ಮ."

"ಏನಂತ ಬರೀಲಿ? ಇಲ್ದೇ ಇರೋದನ್ನ ವಾಪಸ್ ತಗೊಂಡಿಲ್ಲ ಅಂತಾನಾ?"

"ನಾಳೆ ಯಾರಾದ್ರೂ ಬಂದು ಕೇಳಿದ್ರೆ?"

"ಯಾರೂ ಬರಲ್ಲಮ್ಮ" ಎಂದಳು ಹುಡುಗಿ, ಸಮಾಧಾನ ಹೇಳುವ ಧ್ವನಿಯಲ್ಲಿ.

ಇಪ್ಪತ್ತಾರು ವರ್ಷ ಕಾಯ್ದದ್ದನ್ನು ಕೇಳುವವರು ಯಾರೂ ಇಲ್ಲ ಎಂಬ ಮಾತು ಭಾಗಮ್ಮನಿಗೆ ಬೈಗುಳದ ಹಾಗೆ ಕೇಳಿಸಿತು. ಪಟ್ಟಿ ಮಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ನಡೆದಳು. ಮಧ್ಯಾಹ್ನ ಹನ್ನೆರಡೂಕಾಲು. ಬಸ್ಸುಗಳ ಹಾರನ್ನು, ಸೌತೆಕಾಯಿ ಮಾರುವವರ ಕೂಗು, ಮೈಕಿನಲ್ಲಿ ಊರುಗಳ ಹೆಸರು. ಕೊನೆಯ ಬೆಂಚಿನಲ್ಲಿ ಒಬ್ಬಳು ಚೀಲ ತಲೆಗಿಟ್ಟುಕೊಂಡು, ವೇಲು ಮುಖಕ್ಕೆ ಹಾಕಿಕೊಂಡು ಮಲಗಿದ್ದಳು. ಚಪ್ಪಲಿ ನೋಡಿ ಭಾಗಮ್ಮ ನಿಂತಳು. ಮಾಲಿನಿ. ಪಾಳಿ ಮುಗಿದು ನಾಲ್ಕು ತಾಸು ಕಳೆದಿತ್ತು. ವಾರದಲ್ಲಿ ಎರಡು ದಿನ ತಡವಾಗಿ ಬಂದು ಡಬಲ್ ಡ್ಯೂಟಿ ಎನ್ನುತ್ತಿದ್ದಳಲ್ಲ, ಆ ಡ್ಯೂಟಿ ಇದು.

ಎಬ್ಬಿಸಲಿಲ್ಲ. ಬೆಂಚಿನ ತುದಿಯಲ್ಲಿ ಕೂತಳು, ಎದ್ದಳು, ಕಂಬದವರೆಗೆ ಹೋಗಿ ಬಂದು ಮತ್ತೆ ಕೂತಳು. ಊರಿನ ಕಡೆಯ ಎರಡು ಬಸ್ಸು ಹೋದವು. ಸೊಸೆ ಇಷ್ಟು ಗಟ್ಟಿಯಾಗಿ ನಿದ್ದೆ ಮಾಡಿದ್ದನ್ನು ಭಾಗಮ್ಮ ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ. ಒಂದೂವರೆಗೆ ಮಾಲಿನಿ ವೇಲು ಸರಿಸಿ ನೋಡಿ ಬೆಚ್ಚಿಬಿದ್ದಳು.

"ಅತ್ತೆ! ನೀವ್ಯಾವಾಗ ಬಂದ್ರಿ?"

"ಆಗ್ಲೇ ಬಂದೆ. ಈ ಸಂತೇಲಿ ಹೆಂಗೆ ನಿದ್ದೆ ಬತ್ತೈತೆ ನಿಂಗೆ?"

ಮಾಲಿನಿ ಕೂದಲು ಸರಿಮಾಡಿಕೊಂಡಳು. "ಗದ್ದಲ ಏನ್ಮಾಡುತ್ತೆ ಅತ್ತೆ. ಇಲ್ಲಿ ನನ್ನ ಯಾರೂ ಕೂಗಲ್ಲ."

ಮನೆ ಸೇರಿದವಳೇ ಭಾಗಮ್ಮ ಕಚೇರಿಯಲ್ಲಿ ನಡೆದದ್ದನ್ನು ಗಂಡನಿಗೆ ಹೇಳಿದಳು. ಉಗ್ರಪ್ಪ ಬೀಡಿ ಆರಿಸಿದ.

"ಪಂಚಾಯ್ತಿ ಮೋಟರು ಸುಟ್ಟೋದಾಗ ನಾವೇನು ಚೀಟಿಗೆ ಕಾಯ್ತಿದ್ವಾ? ಐದು ಜನರನ್ನ ಕರೆದು ಮಹಜರು ಮಾಡೋದು. ಇದ್ದಿದ್ದನ್ನ ಇದ್ದಂಗೆ ಬರೆಯೋದು, ಓದಿ ಹೇಳೋದು, ಸಹಿ ಹಾಕ್ಸೋದು. ಕಥೆ ಮುಗೀತು. ನೀನು ಓದಿದವಳು, ನಿಂಗೆ ನಾನು ಹೇಳ್ಬೇಕಾ?"

ಅವನು ಅರ್ಧ ತಮಾಷೆಗೆ ಹೇಳಿದ್ದ. ಭಾಗಮ್ಮ ತಮಾಷೆಯೆಂದುಕೊಳ್ಳಲಿಲ್ಲ. ಶುಕ್ರವಾರ ಮನೆಮನೆಗೆ ಹೋದಳು. ಚೀಲ ಎಣಿಸಿದ ದಿನ ಸಭೆಯಲ್ಲಿದ್ದು ನಕ್ಕಿದ್ದ ತಾಯಂದಿರಲ್ಲೇ ಐವರನ್ನು ಕರೆದಳು. ಅವರೀಗ ಅಜ್ಜಿಯರು. ಉಗ್ರಪ್ಪ ಬೇಡವೆಂದ. ಅವರೇ ಯಾಕೆ, ಬೇರೆ ಯಾರನ್ನಾದ್ರೂ ಕರಿ ಎಂದ. ಅವಳು ಕೇಳಲಿಲ್ಲ.

ಶನಿವಾರ ಮಾಲಿನಿಗೆ ನಿಜವಾಗಿಯೂ ಡಬಲ್ ಡ್ಯೂಟಿ, ಮನೆಗೆ ಬರಲಿಲ್ಲ. ಮಧ್ಯಾಹ್ನ ಭಾಗಮ್ಮ ಬೀಗ ತೆಗೆದಳು. ಹೊನ್ನೇಶ್ ಸಾಮಾನನ್ನೆಲ್ಲ ಅಂಗಳಕ್ಕೆ ತಂದು ಹಾಕಿದ. ಚೀಲದ ಕಟ್ಟು ಬಿಚ್ಚಿದರೆ ಮೇಲಿನವು ಗಟ್ಟಿಯಿದ್ದವು, ತಳದವು ಕೈಯಲ್ಲೇ ಪುಡಿಯಾದವು. ಐವರೂ ಬಂದರು. ಮೇಲಿನ ಬೀದಿಯ ಮಲ್ಲಿಕಾಂಬ ಕೊನೆಗೆ ಬಂದು, ಹಾಕಿದ ಕುರ್ಚಿಯನ್ನು ಒಂದು ಸಲ ನೋಡಿ, ಕೂತಳು.

"ಸಹಿ ಹಾಕ್ತೀನಿ ಟೀಚರ್. ನಂಗೆ ಇಪ್ಪತ್ತು ಒಳ್ಳೆ ಚೀಲ ಬೇಕು, ಕೊಬ್ಬರಿ ತುಂಬಕ್ಕೆ."

"ಮೊದ್ಲು ಕೇಳಿಸ್ಕೊಳ್ಳಿ, ಆಮೇಲೆ ಚೀಲ."

ಭಾಗಮ್ಮ ನಿಂತುಕೊಂಡೇ ಓದಿದಳು. ತಕ್ಕಡಿ ಎರಡು, ಕೆಟ್ಟಿವೆ. ಸ್ಟೌ ಒಂದು, ತುಕ್ಕು ಹಿಡಿದಿದೆ. ಚೀಲ ನಾನೂರ ಹದಿನೆಂಟು, ಅದರಲ್ಲಿ ನೂರಾ ಐವತ್ತು ಕೊಳೆತಿವೆ. ಹಾಳೆಯ ಕೊನೆಗೆ ಬಂದಳು. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು: "ಈ ಹಿಂದೆ ಇಲಿ ಕಡಿದವೆಂದು ನಾನು ಹೇಳಿದ ಹನ್ನೊಂದು ಚೀಲಗಳನ್ನು ಇಲಿ ಕಡಿದಿರಲಿಲ್ಲ. ಮನೆ ಗೋಡೆ ಬಿದ್ದಾಗ ನನ್ನ ಮಕ್ಕಳು ಅವನ್ನು ಹಾಸಿಕೊಂಡು ಮಲಗಿದ್ದರು. ಇದು ನಿಜ."

ಹೊನ್ನೇಶ್ ತಲೆ ತಗ್ಗಿಸಿದ. ಮಲ್ಲಿಕಾಂಬ ಸೆರಗು ಹೊದ್ದುಕೊಂಡಳು.

"ಅದು ಆವತ್ತೇ ನಮಗೆಲ್ಲ ಗೊತ್ತಿತ್ತಲ್ಲ ಟೀಚರ್. ನಿಮ್ಮನೆ ಗೋಡೆ ಬಿದ್ದಿದ್ದು ಊರಿಗೇ ಕಂಡಿತ್ತು."

ಭಾಗಮ್ಮ ಹಾಳೆ ಕೆಳಗಿಳಿಸಿದಳು. "ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನಕ್ಕಿರಾ?"

ಒಬ್ಬಳು ನೆಲ ನೋಡಿದಳು. ಕೊನೆಗೆ ಮಲ್ಲಿಕಾಂಬ, "ನಕ್ಕಿದ್ದು ಹೌದು" ಎಂದು ಕೈ ಚಾಚಿ ಪೆನ್ನು ಕೇಳಿದಳು. ಸಹಿ ಹಾಕಿ, ಮಿಕ್ಕವರಿಗೆ ದಾಟಿಸಿದಳು. ಅವಳು ಮತ್ತೆ ಚೀಲ ಕೇಳಲಿಲ್ಲ. ಭಾಗಮ್ಮನೇ ಇಪ್ಪತ್ತು ಎಣಿಸಿ ಅವಳ ಕುರ್ಚಿಯ ಪಕ್ಕಕ್ಕೆ ಹಾಕಿದಳು. ಉಳಿದ ಒಳ್ಳೆಯ ಚೀಲಗಳನ್ನು ಬೇಕೆಂದವರಿಗೆ ಹಂಚಿದಳು. ಕೊಳೆತದ್ದನ್ನೂ ರಿಜಿಸ್ಟರುಗಳನ್ನೂ ಹಿತ್ತಲಲ್ಲಿ ಸುಟ್ಟಳು. ಕಬ್ಬಿಣವನ್ನೆಲ್ಲ ಹೊನ್ನೇಶ್ ಆಟೋದಲ್ಲಿ ಗುಜರಿಗೆ ಒಯ್ದ. ಉಗ್ರಪ್ಪ, ಯಾರೂ ಕೇಳದೆಯೇ, ವಾಲ್ವಿನ ಬುಟ್ಟಿಯನ್ನೂ ಅದರ ಮೇಲಿಟ್ಟ. ಸಂಜೆಯ ಹೊತ್ತಿಗೆ ಭಾಗಮ್ಮ ಕೋಣೆಯನ್ನು ಮೂರು ಸಲ ತೊಳೆದಿದ್ದಳು. ಕಿಟಕಿಗೆ ಕಪ್ಪು ಬಟ್ಟೆ ಹೊಲಿದು ಕಟ್ಟಿದಳು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಸಿದಳು.

ಭಾನುವಾರ ಒಂಬತ್ತೂವರೆಗೆ ಮಾಲಿನಿ ಬಂದಳು. ತೆರೆದ ಬಾಗಿಲ ಮುಂದೆ ನಿಂತಳು. ಮಂಚ, ಒಂದು ದಿಂಬು, ಬೇರೇನೂ ಇಲ್ಲ. ಅತ್ತೆಯ ಮುಖ ನೋಡಿದಳು. "ಕಾಫಿ ಬ್ಯಾಡ ಅತ್ತೆ" ಎಂದಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹೊನ್ನೇಶ್ ಆಟೋ ತೊಳೆದು ನಿಲ್ಲಿಸಿದ್ದ. ಹತ್ತೂವರೆಗೆ ಒಳಗೆ ಬಂದ. "ಅವ್ವಾ, ಕೀ ತರಕ್ಕೆ ಹೋಗ್ಬೇಕಾ ಬ್ಯಾಡ್ವಾ?"

"ನನ್ನ ಯಾಕೆ ಕೇಳ್ತೀಯ? ಅವಳನ್ನ ಕೇಳು."

"ಮಲಗವ್ಳಲ್ಲ."

"ಎದ್ಮೇಲೆ ಕೇಳು."

"ಹನ್ನೆರಡಾಗೋಯ್ತದೆ ಕಣವ್ವ. ಎಬ್ಬಿಸ್ಲಾ?"

"ಬಾಗಿಲು ಮುಟ್ಟಿದ್ರೆ ಕೈ ಮುರೀತೀನಿ."

ಹನ್ನೊಂದಕ್ಕೆ ಯಾರೋ ನೀರು ಬಂದಿಲ್ಲವೆಂದು ಕೂಗಿಕೊಂಡು ಬಂದರು. ಭಾಗಮ್ಮ ಅವರನ್ನು ಬೀದಿಯಲ್ಲೇ ತಡೆದು ಪಂಚಾಯ್ತಿಗೆ ಕಳಿಸಿದಳು. ಬಿ.ಪಿ. ನೋಡಿಸಲು ಬಂದವಳನ್ನು ನಾಳೆ ಸಂಜೆ ಬಾ ಎಂದು ತಿರುಗಿಸಿದಳು. ಮಕ್ಕಳನ್ನು ಎದುರು ಮನೆಗೆ ಅಟ್ಟಿದಳು. ಬಾಗಿಲಿಂದ ಬೀದಿಗೆ, ಬೀದಿಯಿಂದ ಬಾಗಿಲಿಗೆ ತಿರುಗಿದಳು. ಮಾಡುವುದಕ್ಕೆ ಏನೂ ಉಳಿದಿರಲಿಲ್ಲ, ಆದರೂ ಕೂರಲಾಗಲಿಲ್ಲ. ಸೊಸೆ ಎದ್ದು ಬಂದು ಹೋಗೋಣ ನಡಿ ಎಂದರೆ ತಡೆಯಲು ತನ್ನಲ್ಲಿ ಇನ್ನೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು.

ಹನ್ನೆರಡು ಹೊಡೆಯಿತು. ಬಾಗಿಲು ತೆರೆಯಲಿಲ್ಲ. ಹೊನ್ನೇಶ್ ಫೋನು ಹಿಡಿದು, ಅಂಗಳದ ಆಚೆ ಬೇವಿನ ಮರದವರೆಗೆ ಹೋಗಿ, ದನಿ ತಗ್ಗಿಸಿ ಮಾತಾಡಿದ.

"ಇಲ್ಲ ಸಾರ್, ಇವತ್ತು ಬರಕ್ಕಾಗಲ್ಲ. ಬೇರೆಯವ್ರಿಗೆ ಕೊಟ್ಬಿಡಿ. ಇಲ್ಲ, ಏನೂ ತೊಂದ್ರೆ ಇಲ್ಲ ಸಾರ್. ಮನೇಲಿ ಮಲಗವ್ರೆ."