ಬೈಗುಳವನ್ನೂ ದಾಟಿಸಬೇಕು

ಸಂಜ್ಞೆ ಭಾಷೆಯ ದುಭಾಷಿಗಳ ತರಬೇತಿ ಕೇಂದ್ರದಲ್ಲಿ ಅವಳಿಗೆ ಬಿದ್ದ ಹೆಸರು ಸಕ್ಕರೆ ಡಬ್ಬಿ. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳದ ಮನೆಯಲ್ಲಿ ಹುಟ್ಟಿದವಳು. ಬಾಯಿಗೆ ಮಾತು ಬರುವ ಮೊದಲೇ ಕೈಗೆ ಸಂಜ್ಞೆ ಬಂದಿತ್ತು. ಅಂಗಡಿಯವನು "ಈ ಮೂಗಿ ಹತ್ತಿರ ಯಾರು ತಲೆ ಚಚ್ಚಿಕೊಳ್ತಾರೆ" ಎಂದು ಸಿಡುಕಿದರೆ, ಸೊಂಟದೆತ್ತರದ ಮಗಳು ಅಮ್ಮನಿಗೆ 'ಸ್ವಲ್ಪ ಕಾಯಬೇಕಂತೆ' ಎಂದು ಕೈಯಾಡಿಸುತ್ತಿದ್ದಳು. ಅಮ್ಮ ನಗುತ್ತ ಕಾಯುತ್ತಿದ್ದಳು. ಆ ಅಭ್ಯಾಸ ಮೈಗಂಟಿಬಿಟ್ಟಿತ್ತು.

"ನೋಡಮ್ಮಾ, ಬೈಗುಳ ಬಂದ್ರೆ ಬೈಗುಳಾನೇ ದಾಟಿಸಬೇಕು," ಎಂದು ಮೇಷ್ಟ್ರು ಹೇಳಿ ಹೇಳಿ ಸುಸ್ತಾಗಿದ್ದರು. "ನೀನು ಟಪಾಲಿನವಳು. ಕಾಗದ ಒಡೆದು ತಿದ್ದಿ ಕೊಡು ಅಂತ ನಿನಗ್ಯಾರು ಹೇಳಿದ್ರು?"

ಕಳೆದ ಸಲ ದುಭಾಷಿಗಳ ಪರೀಕ್ಷೆಯಲ್ಲಿ ಅವಳು ನಪಾಸಾದದ್ದೂ ಇದಕ್ಕೇ. ಆಸ್ಪತ್ರೆಯೊಂದು ಅವಳಿಗಾಗಿ ಕೆಲಸ ಹಿಡಿದಿಟ್ಟಿತ್ತು. ಈ ಸಲವೂ ಪ್ರಮಾಣಪತ್ರ ಸಿಗದಿದ್ದರೆ ಅದು ಬೇರೆಯವರ ಪಾಲು.

ಪರೀಕ್ಷೆಯ ಕೊಠಡಿಯಲ್ಲಿ ಒಂದು ಮೇಜು, ಕುರ್ಚಿಗಳು, ಮೂಲೆಯಲ್ಲಿ ಕೆಂಪು ದೀಪ ಉರಿಯುವ ಕ್ಯಾಮೆರಾ. ಪರೀಕ್ಷಕರಿಬ್ಬರೂ ಪಾತ್ರ ಹಾಕಿಕೊಂಡಿದ್ದರು: ಕಿವಿ ಕೇಳುವ ಗಂಡಸು ಕಾರ್ಖಾನೆಯ ಮೇಲ್ವಿಚಾರಕ, ಕಿವಿ ಕೇಳದ ಹಿರಿಯ ಹೆಂಗಸು ಅಲ್ಲಿನ ಹೊಲಿಗೆಯವಳು. ಬಟ್ಟೆ ಹಾಳಾದದ್ದು ತನ್ನ ತಪ್ಪಿನಿಂದಲೇ ಎಂದು ಒಪ್ಪಿ ಹೊಲಿಗೆಯವಳು ರುಜು ಹಾಕಬೇಕಂತೆ.

ಮೊದಮೊದಲು ಎಲ್ಲ ಸರಾಗವಾಗಿ ಸಾಗಿತು. ಇದ್ದಕ್ಕಿದ್ದಂತೆ ಮೇಲ್ವಿಚಾರಕ ಮೇಜು ಗುದ್ದಿದ. "ಇವಳಿಗೆ ಕಿವಿ ಮಾತ್ರ ಅಲ್ಲ, ಬುದ್ಧಿನೂ ಇಲ್ಲ. ಹೇಗಿದ್ರೂ ಇವತ್ತೇ ಮನೆಗೆ ಕಳಿಸೋದು. ಹಾಕ್ಲಿ ರುಜು, ಪೀಡೆ ತೊಲಗಲಿ."

ಸಕ್ಕರೆ ಡಬ್ಬಿಯ ಕೈಗಳು ಅವಳನ್ನು ಕೇಳದೆಯೇ ಎದ್ದವು: 'ಸಾರ್‌ಗೆ ಬೇಸರವಾಗಿದೆ. ರುಜು ಹಾಕಿದ್ರೆ ಮುಗೀತಂತೆ.'

ಹೊಲಿಗೆಯವಳು ತಲೆಯಾಡಿಸಿ ಪೆನ್ನು ಎತ್ತಿಕೊಂಡಳು.

ತಾನು ಮಾಡಿದ್ದೇನೆಂದು ಇವಳಿಗೆ ಆಗ ಹೊಳೆಯಿತು. ಸುಮ್ಮನಿದ್ದರೆ ಒಂದು ಮಾತು ತಪ್ಪಿತೆಂದು ಅಂಕ ಕಳೆದಾರು, ಅಷ್ಟೆ. ತಡೆದರೆ ತನ್ನ ಕೈಯಾರೆ ತಪ್ಪೊಪ್ಪಿದ ಹಾಗೆ. ಹಳೇ ರೋಗ ವಾಸಿಯಾಗಿಲ್ಲವೆಂದು ಷರಾ ಬರೆದು ಮನೆಗೆ ಕಳಿಸಿಯಾರು. ಪೆನ್ನಿನ ಮೊನೆ ಹಾಳೆಗೆ ತಾಗಿತು.

"ತಡೀರಿ!" ಬಾಯಲ್ಲೂ ಕೈಯಲ್ಲೂ ಒಟ್ಟಿಗೇ ಬಂತು. "ದುಭಾಷಿಯ ತಪ್ಪು. ಸಾರ್ ಹೇಳಿದ್ದನ್ನ ನಾನು ಬದಲಾಯಿಸಿದೆ. ಮತ್ತೆ ಹೇಳ್ತೀನಿ."

ಹೇಳಿದಳು. ಕಿವಿ, ಬುದ್ಧಿ, ಮನೆಗೆ ಕಳಿಸೋದು, ಪೀಡೆ, ಒಂದನ್ನೂ ಬಿಡಲಿಲ್ಲ. ಅಮ್ಮನ ವಯಸ್ಸಿನ ಆ ಮುಖ ಬಿಗಿಯುತ್ತ ಹೋದದ್ದನ್ನು ನೋಡುತ್ತಲೇ ಹೇಳಬೇಕಾಯಿತು. ಹೊಲಿಗೆಯವಳು ಪೆನ್ನನ್ನು ಕುಕ್ಕಿ ಕೈ ಬೀಸತೊಡಗಿದಳು. ಅದಕ್ಕೆ ದನಿ ಕೊಡಬೇಕಾದವಳೂ ಇವಳೇ.

"ನಾನು ರುಜು ಹಾಕಲ್ಲ! ಕೆಟ್ಟಿರೋದು ನಿಮ್ಮ ಮಿಷನ್ನು, ನನ್ನ ಬುದ್ಧಿಯಲ್ಲ. ಯಜಮಾನ್ರನ್ನ ಕರೀರಿ!"

ಇಷ್ಟು ಜೋರು ದನಿ ತನ್ನೊಳಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಕ್ಯಾಮೆರಾದ ದೀಪ ಆರಿತು. ಪಾತ್ರ ಕಳಚಿದ ಹಿರಿಯಾಕೆ ನಿಧಾನವಾಗಿ ಸಂಜ್ಞೆ ಮಾಡಿದರು: 'ನನ್ನ ತಮ್ಮನೂ ನಿನ್ನ ಹಾಗೇ. ಹಿಂದೆ ಕೆಲಸದಲ್ಲಿ ಮೇಲಿನವರು ನನ್ನನ್ನ ಬೈದಾಗ, ಅಕ್ಕನಿಗೆ ನೋವಾಗಬಾರದು ಅಂತ ನಯ ಮಾಡಿ ಹೇಳಿದ. ನಾನು ನಿಜವಾಗಿ ರುಜು ಹಾಕಿಬಿಟ್ಟೆ. ಕೆಲಸ ಹೋಯ್ತು.'

'ಹಾಗಾದ್ರೆ ನಾನು ನಪಾಸಾ, ಮೇಡಂ?'

'ತಪ್ಪಿಗೆ ಅಂಕ ಕಳೀತೀನಿ, ಬಿಡಲ್ಲ. ತಡೆದದ್ದಕ್ಕೆ ಪಾಸು ಮಾಡ್ತೀನಿ.' ಆಕೆ ಬೆರಳೆತ್ತಿ ನಿಲ್ಲಿಸಿದರು. 'ಆದ್ರೆ ಆಸ್ಪತ್ರೆಗೆ ಹೋಗೋಳು ನೀನು. ಈ ರೋಗಿ ಬದುಕಲ್ಲ ಅಂತ ಡಾಕ್ಟರು ಅಂದ್ರೆ?'

ಅವಳು ಎರಡೂ ಕೈ ಎತ್ತಿ, ಆಕೆಯ ಕಣ್ಣಲ್ಲಿ ಕಣ್ಣಿಟ್ಟು, ಅಷ್ಟನ್ನೇ ಮಾಡಿ ತೋರಿಸಿದಳು: 'ಬದುಕಲ್ಲ.'