ಗರಡಿಯ ಹೊರಗೇ ಉಳಿದ ತಂಗಿ

2022ರ ಬೇಸಿಗೆಯಲ್ಲಿ ನಾನು ಬೈಲಹೊಂಗಲದ ಒಂದು ಗರಡಿಯಲ್ಲಿ ವಸ್ತಾದನಾಗಿದ್ದೆ. ವಸ್ತಾದ ಎಂದರೆ ಪೈಲ್ವಾನರನ್ನು ತಯಾರು ಮಾಡುವವನು. ನಾನು ಓದಿದ್ದು ಏಳನೆಯ ಇಯತ್ತೆ. ಹರೆಯದಲ್ಲಿ ಕುಸ್ತಿ ಹಿಡಿದೆ, ಮೊಣಕಾಲು ಕೆಟ್ಟ ಮೇಲೆ ಕಲಿಸಲು ನಿಂತೆ. ಮನೆ ಸಂಪಗಾಂವದಲ್ಲಿ. ದಿನಾ ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ನನ್ನ ಕೈಯಲ್ಲಿ ತಯಾರಾದವರು ಬಹಳ ಮಂದಿ ಇದ್ದಾರೆ. ಇಲ್ಲಿ ಹೇಳುವುದು ಇಬ್ಬರ ಸಂಗತಿ. ಒಬ್ಬನಿಗೆ ನಾನು ತಾಲೀಮು ಕೊಟ್ಟೆ. ಒಬ್ಬಳಿಗೆ ಕೊಡಲಿಲ್ಲ.

ಆ ಬೇಸಿಗೆಯಲ್ಲಿ ಸುಧಾಬಾಯಿ ಎಂಬ ಹೈಸ್ಕೂಲ್ ಶಿಕ್ಷಕಿ ತಮ್ಮ ಮಗನನ್ನು ಕರೆದುಕೊಂಡು ಬಂದರು. ಕಿತ್ತೂರು ಕಡೆಯ ಆಚಾರ್ಯರ ಮನೆತನದವರು. ಮಗ ಪ್ರಹ್ಲಾದನಿಗೆ ಹತ್ತೊಂಬತ್ತು ವರ್ಷ, ಮಾತಿಲ್ಲ. ಆಟಿಸಂ ಎಂಬ ಶಬ್ದವನ್ನು ನಾನು ಮೊದಲು ಕೇಳಿದ್ದು ಅವರ ಬಾಯಿಂದಲೇ. ಅದು ಬೇನೆಯಲ್ಲ, ಹುಟ್ಟಿನಿಂದಲೇ ಮಿದುಳು ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ, ಸಪ್ಪಳ, ಬೆಳಕು, ಮುಟ್ಟುವುದು ಇವೆಲ್ಲ ಅವರಿಗೆ ನಮಗಿಂತ ಹೆಚ್ಚು ತಾಗುತ್ತವೆ ಎಂದು ಹೇಳಿದರು. ಹುಡುಗ ರಾತ್ರಿ ಮಲಗುತ್ತಿರಲಿಲ್ಲ. ಸಿಟ್ಟು ಬಂದಾಗ ತನ್ನ ಮಣಿಕಟ್ಟನ್ನೇ ಕಚ್ಚಿಕೊಳ್ಳುತ್ತಿದ್ದ. ಮೈಗೆ ಭಾರದ ಕೆಲಸ ಬೇಕು ಎಂದು ಧಾರವಾಡದ ಡಾಕ್ಟರು ಹೇಳಿದ್ದರಂತೆ. ಜಿಮ್ಮಿಗೆ ಒಯ್ದರೆ ಅಲ್ಲಿನ ಹಾಡು, ಕನ್ನಡಿ, ಟ್ಯೂಬ್‌ಲೈಟು ತಾಳದೆ ಓಡಿಬಂದಿದ್ದ.

ಗರಡಿಯಲ್ಲಿ ಅದೊಂದೂ ಇರಲಿಲ್ಲ. ಮಣ್ಣಿನ ಗೋಡೆ, ಒಂದು ಸಣ್ಣ ಕಿಟಕಿ, ತಂಪು. ಆದರೆ ಅವನು ಕಾಲಿಟ್ಟಾಗ ಹುಡುಗರು ತೊಡೆ ತಟ್ಟಿ ಕೂಗುತ್ತಿದ್ದರು. ಅವನು ಕಿವಿ ಮುಚ್ಚಿಕೊಂಡು ಹಣೆಗೆ ಗುದ್ದಿಕೊಳ್ಳತೊಡಗಿದ. ನಾನು ಹುಡುಗರನ್ನು ಸುಮ್ಮನಾಗಿಸಿದೆ. ಅವನಿಗೆ ಕಾಣುವ ಹಾಗೆ ಎದುರಿನಿಂದ ಹೋಗಿ ಎರಡೂ ಭುಜಗಳ ಮೇಲೆ ಅಂಗೈ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿದೆ. ಉಸಿರು ಸಾವಕಾಶವಾಗಿ ಇಳಿಯಿತು.

ಸುಧಾಬಾಯಿ ನನ್ನನ್ನೇ ನೋಡುತ್ತಿದ್ದರು.

“ವಸ್ತಾದರ, ನಿಮ್ಮ ಮನ್ಯಾಗ ಇಂಥಾವ್ರು ಯಾರರ ಅದಾರೇನ್ರಿ?”

“ಇಲ್ರಿ ಬಾಯಾರ,” ಎಂದೆ.

ನನ್ನ ತಂಗಿ ಗಂಗವ್ವ ಆಗ ಸಂಪಗಾಂವದ ಮನೆಯ ಒಳಕೋಣೆಯಲ್ಲಿ ಕುಳಿತಿದ್ದಳು. ನನಗಿಂತ ನಾಲ್ಕು ವರ್ಷಕ್ಕೆ ಸಣ್ಣವಳು. ಅವಳಿಗೂ ಮಾತಿಲ್ಲ. ಭುಜ ಒತ್ತಿ ಹಿಡಿಯುವುದನ್ನು ನಾನು ಕಲಿತದ್ದು ಚಿಕ್ಕಂದಿನಲ್ಲಿ, ಅವಳು ಅಳುವಾಗ. ಅವಳ ಸ್ಥಿತಿಗೆ ಒಂದು ಹೆಸರಿದೆ ಎಂಬುದಷ್ಟೇ ನನಗೆ ಅಂದಿನ ತನಕ ಗೊತ್ತಿರಲಿಲ್ಲ.

ಹುಡುಗಿಯಾಗಿದ್ದಾಗ ಗಂಗಿ ನೀರು ಹೊರುತ್ತಿದ್ದಳು. ತಲೆಯ ಮೇಲೊಂದು ತಾಮ್ರದ ಕೊಡ, ಟೊಂಕದ ಮೇಲೊಂದು. ನಮ್ಮ ಮನೆಯದು ಮುಗಿದರೆ ಪಕ್ಕದ ಮನೆಯದು. ಕೊಡ ಹೊತ್ತಾಗ ಅವಳು ಕೈ ಕಚ್ಚಿಕೊಳ್ಳುತ್ತಿರಲಿಲ್ಲ, ರಾತ್ರಿ ಬಿದ್ದಲ್ಲೇ ನಿದ್ದೆ ಮಾಡುತ್ತಿದ್ದಳು. ನನ್ನ ಮದುವೆಯ ಮಾತು ನಡೆದಾಗ ಸುರೇಬಾನದ ಬೀಗರು ಮನೆ ನೋಡಲು ಬರುವವರಿದ್ದರು. “ಅವ್ರು ಬಂದು ಹೋಗೂ ತನಕ ಗಂಗೀನ ಹೊರಗ ಬಿಡಬ್ಯಾಡಬೇ,” ಎಂದು ಅವ್ವನಿಗೆ ಹೇಳಿದವನು ನಾನು. ಬೀಗರು ಬಂದು ಹೋದರು. ಆಮೇಲೆ ಮದುವೆ ಮುಗಿಯಲಿ ಎಂದೆ. ಮದುವೆ ಮುಗಿಯಿತು. ಅಷ್ಟರಲ್ಲಿ ಮನೆಗೆ ನಳ ಬಂತು, ನೀರು ತರುವ ಕೆಲಸವೇ ಉಳಿಯಲಿಲ್ಲ. ನನ್ನ ಹೆಂಡತಿ ಒಂದು ದಿನವೂ ನಾದಿನಿಯನ್ನು ಮರೆಮಾಡಿರಿ ಎನ್ನಲಿಲ್ಲ. ಮರೆಮಾಡಿದ್ದು ನಾನೇ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗಂಗಿ ಆ ಒಳಕೋಣೆಯಲ್ಲೇ ಕುಳಿತಳು. ಮೈ ಭಾರವಾಯಿತು, ಮಣಿಕಟ್ಟಿನ ತುಂಬ ಹಲ್ಲಿನ ಗುರುತುಗಳು ಎದ್ದವು. ಬೇನೆ ಬೆಳೆಯುತ್ತಿದೆ ಎಂದುಕೊಂಡೆವು.

ಪ್ರಹ್ಲಾದನ ತಾಲೀಮು ಶುರುವಾಯಿತು. ಪೈಲ್ವಾನರು ಇಲ್ಲದ ಮಧ್ಯಾಹ್ನದ ಹೊತ್ತು ಅವನಿಗೆಂದೇ ಇಟ್ಟೆ. ಗರಡಿಯ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ಹನುಮಪ್ಪನಿಗೆ ನಮಸ್ಕಾರ, ಆಮೇಲೆ ಬಸ್ಕಿ, ಅಂದರೆ ಕೂತು ಏಳುವುದು, ಆಮೇಲೆ ನೆಲಕ್ಕೆ ಕೈಯೂರಿ ಹೊಡೆಯುವ ದಂಡ, ಕೊನೆಗೆ ಕಲ್ಲು ಎತ್ತುವುದು. ನಮ್ಮ ಹುಡುಗರಿಗೆ ಬೇಸರ ತರುವ ಈ ಕ್ರಮವೇ ಅವನಿಗೆ ಆಧಾರವಾಯಿತು. ಮುಂದೇನು ಎಂಬ ಅಂಜಿಕೆ ಅವನಿಗೆ ಇರಲಿಲ್ಲ. ಬಾಯಿಂದ ಹೇಳದೆ ಮಾಡಿ ತೋರಿಸುತ್ತಿದ್ದೆ. ಕುಸ್ತಿಯ ಕೆಂಪು ಮಣ್ಣು ಅಂಗಾಲಿಗೆ ತಾಗಿದರೆ ಅವನು ಜಿಗಿಯುತ್ತಿದ್ದ, ಅದಕ್ಕೆ ಬದಿಯಲ್ಲಿ ಹಾಸಿದ ಪರಸಿಗಲ್ಲಿನ ಮೇಲೆಯೇ ಮಾಡಿಸಿದೆ. ಮೊದಲ ತಿಂಗಳು ಎತ್ತಿದ್ದು ಮರಳು ತುಂಬಿದ ಸಣ್ಣ ಚೀಲ. ನೋವಾದರೆ ಅವನು ಹೇಳುವವನಲ್ಲ, ಆದ್ದರಿಂದ ಅವನ ಮುಖ, ಬೆನ್ನು ನೋಡಿಕೊಂಡೇ ಭಾರ ಏರಿಸಬೇಕಾಗಿತ್ತು.

ನಮ್ಮಲ್ಲೊಬ್ಬ ಪೈಲ್ವಾನನಿದ್ದ, ಈರಪ್ಪ, ಬಾಯಿ ಬಹಳ. “ನಮಗ ಬಡಿಗಿ ತೋರಸ್ತೀರಿ, ಅವಂಗ ಜೋಗುಳ ಹಾಡ್ತೀರಲ್ರಿ ವಸ್ತಾದರ,” ಎಂದ.

“ನೀ ಅವನಂಗ ದಿನಾ ಹೊತ್ತಿಗೆ ಸರಿಯಾಗಿ ಬಾ, ನಿನಗೂ ಹಾಡತೇನಿ,” ಎಂದೆ.

ಮಳೆಗಾಲ ಮುಗಿಯುವುದರೊಳಗೆ ಹುಡುಗ ರಾತ್ರಿ ಮಲಗತೊಡಗಿದ. ಮಣಿಕಟ್ಟಿನ ಗಾಯಗಳು ಮಾಯ್ದವು. ಮೆಟ್ಟಿಲು ಇಳಿಯುವಾಗ ತಾಯಿಯ ಕೈ ಹಿಡಿಯುತ್ತಿದ್ದವನು ಬಿಟ್ಟು ಇಳಿದ. ಬೆರಳಿಗೆ ಹಿಡಿತ ಬಂದು ಅಂಗಿಯ ಗುಂಡಿ ತಾನೇ ಹಾಕಿಕೊಂಡ. ಮಾತು ಬರಲಿಲ್ಲ. ಅದಕ್ಕಾಗಿ ನಾವು ಕಾಯಲೂ ಇಲ್ಲ. ದುಂಡುಗಲ್ಲನ್ನು ಎದೆಯ ತನಕ ಎತ್ತಿ ಇಳಿಸಿದ ದಿನ ಅವನು ನಕ್ಕ. ಆ ನಗೆಯ ಸುದ್ದಿ ಊರೂರಿಗೆ ಹೋಯಿತು. ಸವದತ್ತಿ, ರಾಮದುರ್ಗದಿಂದ ತಂದೆ ತಾಯಿಗಳು ನೋಡಲು ಬಂದರು. ನನಗೆ ಶಾಲು ಹೊದಿಸಿದರು.

ಸುದ್ದಿ ನಮ್ಮ ಅವ್ವನ ಕಿವಿಗೂ ಬಿತ್ತು. ಒಂದು ಸಂಜೆ ನನ್ನ ಮುಂದೆ ರೊಟ್ಟಿ ಇಟ್ಟು ಎದುರಿಗೆ ಕುಳಿತಳು.

“ಬಸ್ಯಾ, ಯಾರದೋ ಮಗಗ ಕಲ್ಲ ಎತ್ತಾಕ ಕಲಿಸೀಯಂತ. ಇಕಿಗೂ ಏನರ ಮಾಡಸೋ ಯಪ್ಪಾ. ನನಗ ಇಕೀನ ಎಬ್ಬಿಸಿ ಕುಂದರಸಾಕ ಆಗವಲ್ದು.”

“ಗರಡಿಗೆ ಹೆಣ್ಣಮಕ್ಳು ಬರಂಗಿಲ್ಲಬೇ,” ಎಂದೆ.

“ಗರಡಿಗೆ ಬ್ಯಾಡ. ನಮ್ಮ ಹಿತ್ತಲಕ್ಕ ಏನಾಗೇತಿ?”

ನಾನು ರೊಟ್ಟಿ ಮುರಿಯುತ್ತ ಕುಳಿತೆ. ಹಿತ್ತಲಿನ ಗೋಡೆ ಗಿಡ್ಡ. ಅಲ್ಲಿ ನಿಂತು ದೊಡ್ಡ ಹೆಂಗಸೊಬ್ಬಳಿಗೆ ಬಸ್ಕಿ ಹೊಡೆಸಿದರೆ ಓಣಿಯ ಮಂದಿ ನೋಡುತ್ತಾರೆ, ಮಾತು ಗರಡಿಯ ತನಕ ಹೋಗುತ್ತದೆ. ಶಾಲು ಹೊದ್ದ ವಸ್ತಾದನ ಮನೆಯಲ್ಲೇ ಇಂಥವಳು ಇದ್ದಾಳೆ, ಇಷ್ಟು ದಿನ ಬಚ್ಚಿಟ್ಟಿದ್ದ ಎನ್ನುತ್ತಾರೆ. ಇದನ್ನೆಲ್ಲ ಅವ್ವನಿಗೆ ಹೇಳಲಿಲ್ಲ. ಸುಗ್ಗಿ ಮುಗಿಯಲಿ, ನೋಡೋಣ ಎಂದೆ. ಸುಗ್ಗಿ ಮುಗಿಯಿತು. ನಾನು ನೋಡಲಿಲ್ಲ.

ಮರುವರ್ಷ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಗಂಗಿ ಬಚ್ಚಲಲ್ಲಿ ಬಿದ್ದಳು. ಹೆಂಡತಿ ಮಕ್ಕಳು ಸುರೇಬಾನಕ್ಕೆ ಹೋಗಿದ್ದರು. ಅವ್ವನಿಗೆ ಎತ್ತಲಾಗಲಿಲ್ಲ. ಓಣಿಯವರು ಓಡಿಬಂದು ರಟ್ಟೆ ಹಿಡಿದರೆ ಅವಳು ಚೀರಿ, ಪರಚಿ, ಯಾರನ್ನೂ ಹತ್ತಿರ ಬಿಡಲಿಲ್ಲ. ಬಸ್ಯಾ ಬಂದರೆ ಸಮಾಧಾನ ಆಗುತ್ತಾಳೆ ಎಂದು ಅವ್ವ ಎಲ್ಲರನ್ನೂ ತಡೆದಳಂತೆ. ನನಗೆ ಫೋನ್ ಮೇಲೆ ಫೋನ್ ಮಾಡಿಸಿದಳು. ರಿಂಗಾದರೆ ಪ್ರಹ್ಲಾದ ಬೆದರುತ್ತಾನೆಂದು ಆ ಹೊತ್ತಿನಲ್ಲಿ ನಾನು ಫೋನ್ ಬಂದ್ ಇಡುತ್ತಿದ್ದೆ. ಅವನದು ಮುಗಿದ ಮೇಲೆ ರಾಮದುರ್ಗದಿಂದ ಬಂದವರಿಗೆ ತಾಲೀಮಿನ ರೀತಿ ವಿವರಿಸುತ್ತ ಕುಳಿತು ಚಾಲೂ ಮಾಡುವುದನ್ನೇ ಮರೆತೆ.

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಗಂಗಿ ಒದ್ದೆ ಕಲ್ಲಿನ ಮೇಲೆಯೇ ಇದ್ದಳು, ತಲೆಯ ಕೆಳಗೆ ಅವ್ವ ದಿಂಬು ಇಟ್ಟಿದ್ದಳು. ನಾನು ಎದುರಿಗೆ ಕುಳಿತೆ. ಪ್ರಹ್ಲಾದನಿಗೆ ದಿನವೂ ಮಾಡುವ ಹಾಗೆ ಎರಡೂ ಭುಜಗಳ ಮೇಲೆ ಅಂಗೈ ಇಟ್ಟೆ. ಓಣಿಯವರನ್ನು ಕಂಡು ಚೀರಿದ್ದಕ್ಕಿಂತ ಜೋರಾಗಿ ಚೀರಿದಳು. ಎಷ್ಟು ವರ್ಷವಾಗಿತ್ತು ನಾನು ಅವಳನ್ನು ಮುಟ್ಟಿ? ನನಗೆ ಲೆಕ್ಕ ಸಿಗಲಿಲ್ಲ. ಕೊನೆಗೆ ಅವಳು ದಣಿದು ಸುಮ್ಮನಾದ ಮೇಲೆ ನಾಲ್ವರು ಕೌದಿಯಲ್ಲಿ ಎತ್ತಿದೆವು.

ಬೆಳಗಾವಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ಫೋಟೊ ತೆಗೆದು ಚಪ್ಪೆಯ, ಅಂದರೆ ಸೊಂಟದ ಕೀಲಿನ, ಎಲುಬು ಮುರಿದಿದೆ ಎಂದರು. ಇವರು ನಡೆಯುವುದು ಬಿಟ್ಟು ಎಷ್ಟು ವರ್ಷವಾಯಿತು ಎಂದು ಡಾಕ್ಟರು ಕೇಳಿದರು. ನಡೆಯುತ್ತಾಳೆ, ಕೋಣೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಕೋಣೆಗೆ ಎಂದೆ.

“ಅದಕ್ಕ ನಡಿಯೂದು ಅನ್ನಂಗಿಲ್ರಿ,” ಎಂದರು ಅವರು.

ಬಿಸಿಲು ಕಾಣದೆ, ಭಾರ ಹೊರದೆ ಎಲುಬು ಟೊಳ್ಳಾಗಿದೆ, ತೊಡೆಯ ಮಾಂಸಖಂಡ ಕರಗಿದೆ, ಸಣ್ಣ ಜಾರಿಕೆಗೂ ಕಾಲು ತಡೆದಿಲ್ಲ ಎಂದು ವಿವರಿಸಿದರು. ಭಾರ ಹೊತ್ತರೆ ಎಲುಬು ಗಟ್ಟಿಯಾಗುತ್ತದೆ ಎಂದು ನಾನು ಎಷ್ಟು ಹುಡುಗರಿಗೆ ಹೇಳಿಲ್ಲ! ರಾಡು ಹಾಕಿದರು. ವ್ಯಾಯಾಮ ಮಾಡಿಸಲು ಬಂದ ಫಿಸಿಯೊಥೆರಪಿಯವರನ್ನು ಗಂಗಿ ಹತ್ತಿರ ಬಿಟ್ಟುಕೊಳ್ಳಲಿಲ್ಲ.

ಗರಡಿಗೆ ಬೀಗ ಬಿದ್ದದ್ದು ನೋಡಿ ವಿಚಾರಿಸಿಕೊಂಡು ಸುಧಾಬಾಯಿ ಆಸ್ಪತ್ರೆಗೆ ಬಂದರು. ಮಂಚದ ಮೇಲಿನವಳು ಯಾರೆಂದು ಕೇಳಿದರು. ನನ್ನ ತಂಗಿ ಎಂದೆ. ಅವರು ಗಂಗಿಯ ಮಣಿಕಟ್ಟು ನೋಡಿದರು.

“ನಾ ನನ್ನ ಮಗನ ಕೈ ಹಿಡಕೊಂಡು ಈ ಮಂದ್ಯಾಗ ಅಡ್ಡಾಡ್ಲಿಲ್ಲೇನ್ರಿ ವಸ್ತಾದರ?”

ಅಷ್ಟೇ ಅಂದರು. ಶಾಪ ಹಾಕಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಈಗ ಅವರೇ ಭಾನುವಾರಕ್ಕೊಮ್ಮೆ ಸಂಪಗಾಂವಕ್ಕೆ ಬರುತ್ತಾರೆ. ಗಂಗಿಯ ಪಕ್ಕದಲ್ಲಿ ತಾವೂ ಚಾಪೆಯ ಮೇಲೆ ಮಲಗಿ ಮಾಡಿ ತೋರಿಸುತ್ತಾರೆ. ಉಳಿದ ದಿನ ಅವ್ವ ಮಾಡಿಸುತ್ತಾಳೆ. ಮೊಣಕಾಲು ಮಡಚುವುದು, ಹಿಮ್ಮಡಿ ಒತ್ತುವುದು, ಸೊಂಟ ಎತ್ತುವುದು. ಎದ್ದು ನಿಲ್ಲುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಸೊಂಟ ನಾಲ್ಕು ಬೆರಳಿನಷ್ಟು ಮೇಲೆ ಬರುತ್ತದೆ. ಅಷ್ಟು ಬಂದರೆ ಅವ್ವ ಕೆಳಗಿನ ಬಟ್ಟೆ ಬದಲಿಸಬಹುದು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕಸುವು ಪೈಲ್ವಾನರ ಸೊತ್ತಲ್ಲ. ಮಾತಿಲ್ಲದವರಿಗೆ, ಮೈಯ ಮೇಲೆ ಹತೋಟಿ ಸಿಗದವರಿಗೆ ಅದು ನಮಗಿಂತ ಹೆಚ್ಚು ಬೇಕು. ಮರಳಿನ ಚೀಲ, ಮೆಟ್ಟಿಲು, ಬಿಸಿಲಿರುವ ಅಂಗಳ ಸಾಕು. ಇದು ಸರಿಯಾದ ಹೊತ್ತಿಗೆ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ.

ನಾನು ಕೋಣೆಯೊಳಗೆ ಹೋದರೆ ಗಂಗಿ ಎತ್ತಿದ ಸೊಂಟ ಇಳಿಸಿ ಗೋಡೆಯ ಕಡೆ ಮುಖ ಮಾಡುತ್ತಾಳೆ. ಅದಕ್ಕೆ ಪಡಸಾಲೆಯಲ್ಲಿ ಕುಳಿತು, ಅವ್ವ ಒಳಗಿನಿಂದ “ಆತು” ಅನ್ನುವ ತನಕ ಕಾಯುತ್ತೇನೆ.